ಗೋಡೆಯ ಮೇಲಿನ ಇಪ್ಪತ್ತೊಂದು ಗೆರೆ

1967ನೇ ಇಸವಿ. ನಾನಾಗ ಮೂರನೇ ತರಗತಿ. ತಿಪಟೂರು ಕಡೆಯ ನಮ್ಮ ಹಳ್ಳಿಗೆ ಒಂದು ಸಂಜೆ ಬಸ್ಸಿನಿಂದ ಒಬ್ಬ ಬಿಳಿಯ ತರುಣ ಇಳಿದರು. ಕೈಯಲ್ಲೊಂದು ತಗಡಿನ ಪೆಟ್ಟಿಗೆ, ಬಸ್ಸಿನ ಮೇಲಿಂದ ಇಳಿಸಿಕೊಂಡ ಒಂದು ಸೈಕಲ್ಲು. ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯರು ಎದ್ದು ನಿಂತು, "ದೊರೆಗಳು ಯಾವ ಕಡೆಯಿಂದ ಬಂದಿರಿ?" ಎಂದು ಕೇಳಿದರು. ಅವರಿಗೆ ಗೊತ್ತಿದ್ದ ಬಿಳಿಯರೆಲ್ಲ ದೊರೆಗಳೇ. ನಾವು ಮಕ್ಕಳು ಬಾವಿಕಟ್ಟೆಯ ಹಿಂದೆ ಅವಿತು ನೋಡುತ್ತಿದ್ದೆವು. ಆ ತರುಣ ಕೈ ಮುಗಿದು, ಕಲಿತುಬಂದಿದ್ದ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದರು: "ನಿಮ್ಮ ಹಲ್ಲಿ ತುಂಬ ಚೆನ್ನಾಗಿದೆ."

ನಮಗೆ ನಗು ತಡೆಯಲಾಗಲಿಲ್ಲ. ಹಳ್ಳಿ ಎನ್ನುವ ಕಡೆ ಅವರು ಹಲ್ಲಿ ಎಂದಿದ್ದರು. ದೊಡ್ಡವರು ಗದರಿದರು. ಆದರೆ ಆ ತರುಣ ನಮ್ಮ ಕಡೆ ತಿರುಗಿ, ತಪ್ಪಾಯಿತೇ, ಸರಿ ಯಾವುದು ಎಂದು ಕೈಸನ್ನೆಯಲ್ಲೇ ಕೇಳಿದರು. ಅವರಿಗೂ ನಮಗೂ ನಂಟು ಶುರುವಾದದ್ದು ಅಲ್ಲಿಂದ.

ಅವರು ಅಮೆರಿಕದ ಪೀಸ್ ಕೋರ್‌ನ ಸ್ವಯಂಸೇವಕರು. ಕನ್ನಡದಲ್ಲಿ ಶಾಂತಿದಳ ಎನ್ನಬಹುದು. ಅಧ್ಯಕ್ಷ ಕೆನಡಿ 1961ರ ಮಾರ್ಚ್‌ನಲ್ಲಿ ಅದನ್ನು ಆರಂಭಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತಕ್ಕೆ ಮೊದಲ ತಂಡ ಬಂತು, ಪಂಜಾಬಿಗೆ. ಮುಂದೆ ನಮ್ಮ ಮೈಸೂರು ರಾಜ್ಯಕ್ಕೂ ತಂಡಗಳು ಬಂದವು. 1976ರಲ್ಲಿ ಅದು ಭಾರತದಿಂದ ಹೊರಡುವ ಹೊತ್ತಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ನಮ್ಮ ದೇಶದಲ್ಲಿ ತಲಾ ಸುಮಾರು ಎರಡು ವರ್ಷ ಇದ್ದು ದುಡಿದಿದ್ದರು. ಬಹುತೇಕರು ಕಾಲೇಜು ಮುಗಿಸಿದ ಎಳೆಯರು. ಎಲ್ಲರೂ ಅಲ್ಲ. 1966ರಲ್ಲಿ ಬೊಂಬಾಯಿಯ ವಿಕ್ರೋಲಿಗೆ ದಾದಿಯ ಕೆಲಸಕ್ಕೆ ಬಂದ ಲಿಲಿಯನ್ ಕಾರ್ಟರ್ ಅವರಿಗೆ ಆಗ 68 ವರ್ಷ. ಅವರ ಮಗ ಜಿಮ್ಮಿ ಕಾರ್ಟರ್ ಮುಂದೆ ಅಮೆರಿಕದ ಅಧ್ಯಕ್ಷರಾದರು.

ಬರುವವರು ಬರುವ ಊರಿನ ಭಾಷೆ ಕಲಿತು ಬರಬೇಕೆಂಬುದು ಆ ದಳದ ಪದ್ಧತಿ. ಹೊರಗಿನವರಿಗೆ ಆಡುಗನ್ನಡ ಕಲಿಸುವ ಕೆಲಸವೂ ಆ ಕಾಲದಲ್ಲೇ ಗಂಭೀರವಾಗಿ ನಡೆಯಿತು. 1966ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಕಾಶನದಿಂದ ಅಂಥ ಒಂದು ಪಠ್ಯ ಬಂತು. ವಿಲಿಯಂ ಮೆಕಾರ್ಮಾಕ್ ಅವರ ಜೊತೆ ಅದನ್ನು ಬರೆದವರು ನಮ್ಮ ವಿಮರ್ಶಕ ಎಂ. ಜಿ. ಕೃಷ್ಣಮೂರ್ತಿ. ಪುಸ್ತಕ ಎಷ್ಟೇ ಚೆನ್ನಾಗಿರಲಿ, ಳಕಾರ ಹೇಳಿಕೊಡಲು ಇನ್ನೊಬ್ಬರ ಬಾಯಿ ಕಾಣಬೇಕು. ಆ ಕೆಲಸ ನಮ್ಮ ಪಾಲಿಗೆ ಬಂತು. ಶಾಲೆ ಬಿಟ್ಟ ಮೇಲೆ ಜಗಲಿಯ ಮೇಲೆ ಸಾಲಾಗಿ ಕೂತು, ಬಾಯಿ ಅಗಲಿಸಿ, ನಾಲಿಗೆಯನ್ನು ಹಿಂದಕ್ಕೆ ಮಡಿಚಿ ಅಂಗುಳಿಗೆ ತಾಗಿಸಿ ತೋರಿಸುತ್ತಿದ್ದೆವು. ಅವರು ನಮ್ಮ ಬಾಯೊಳಗೆ ಬಗ್ಗಿ ನೋಡಿ, ತಾವೂ ಹಾಗೆ ಮಾಡುತ್ತಿದ್ದರು. ಕೋಲಿ, ಕೋಲಿ, ಕೋಲಿ... ಹದಿನೈದು ದಿನವಾದ ಮೇಲೆ ಒಂದು ಸಂಜೆ ಕೋಳಿ ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿ ಕುಣಿದೆವು. ಪರೀಕ್ಷೆ ಪಾಸಾದದ್ದು ಅವರೋ ನಾವೋ ಎಂಬಂತಿತ್ತು.

ಇದು ಸಣ್ಣ ಸಂಗತಿಯೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅಲ್ಲಿಯವರೆಗೆ ಅಮೆರಿಕ ಎಂದರೆ ನಮಗೆ ಶಾಲೆಯಲ್ಲಿ ಕಲಸಿ ಕೊಡುತ್ತಿದ್ದ ಕೇರ್ ಸಂಸ್ಥೆಯ ಹಾಲಿನ ಪುಡಿ. ಮೂಟೆಯ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ ಇರುತ್ತಿತ್ತು. ಚಿತ್ರದಲ್ಲಿ ಎರಡು ಕೈ ಇದ್ದರೂ ಕೊಡುವ ಕೈ ಅವರದು, ಲೋಟ ಹಿಡಿದ ಕೈ ನಮ್ಮದು. ನಮ್ಮಿಂದ ಏನನ್ನಾದರೂ ಬೇಡಿ ಪಡೆದುಕೊಂಡ ಮೊದಲ ಅಮೆರಿಕದವರು ಇವರೇ. ಯಾರಿಗೋ ಏನನ್ನೋ ಕಲಿಸಿದ ಮಗುವಿನ ಬೆನ್ನು ನೆಟ್ಟಗಾಗುತ್ತದೆ. ಮೂವತ್ತೊಂಬತ್ತು ವರ್ಷ ಶಾಲೆಯಲ್ಲಿದ್ದು ಅದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೊದಲು ನೋಡಿದ್ದು ನನ್ನ ಬೆನ್ನಿನಲ್ಲೇ.

ದೀಪಾವಳಿ ಬರುವಷ್ಟರಲ್ಲಿ ದೊರೆ ಹೋಗಿ ಅಣ್ಣ ಆಗಿತ್ತು. ಅವರ ಹೆಸರು ಇಲ್ಲಿ ಹೇಳುವುದಿಲ್ಲ. ಊರಿನಲ್ಲೂ ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ. ಕೋಳಿ ಅಣ್ಣ, ಅಷ್ಟೆ. ಇಲ್ಲಿಂದ ಮುಂದೆ ನಾನು ಏಕವಚನದಲ್ಲೇ ಹೇಳುತ್ತೇನೆ. ಅಣ್ಣನನ್ನು ಬಹುವಚನದಲ್ಲಿ ಕರೆದರೆ ಆ ನೆನಪು ನನ್ನದಾಗುವುದಿಲ್ಲ.

ಅವನ ಕೆಲಸ ಕೋಳಿ ಸಾಕಣೆ. ನಮ್ಮ ನಾಟಿ ಕೋಳಿ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಹೆಚ್ಚು. ಬಿಳಿ ಲೆಗ್‌ಹಾರ್ನ್ ತಳಿ 200ಕ್ಕೂ ಹೆಚ್ಚು ಇಡುತ್ತದೆ. ಸರಿಯಾಗಿ ಸಾಕಿದರೆ ಮನೆಗೆ ನಾಲ್ಕು ಕಾಸು, ಮಕ್ಕಳ ಬಾಯಿಗೆ ಮೊಟ್ಟೆ. ಆದರೆ ಹಳ್ಳಿಯಲ್ಲಿ ಕೋಳಿ ಹೆಂಗಸರ ಬಾಬತ್ತು, ಅದಿರುವುದು ಹಿತ್ತಲಲ್ಲಿ. ಪರಗಂಡಸನ್ನು ಹಿತ್ತಲಿಗೆ ಯಾರು ಬಿಡುತ್ತಾರೆ? ಅವನಿಗೆ ಬಾಗಿಲು ತೆರೆದವರು ಮಕ್ಕಳು. ನಾವು ಮುಂದೆ, ಅವನು ಹಿಂದೆ.

ಕೊಕ್ಕರೆ ರೋಗಕ್ಕೆ ಲಸಿಕೆ ಹಾಕುವ ದಿನ ನಮಗೆ ಹಬ್ಬ. ಅವನು ಹಿಂದಿನ ದಿನ ತಿಪಟೂರಿನ ದನಗಳ ಆಸ್ಪತ್ರೆಗೆ ಸೈಕಲ್ ತುಳಿದು ಹೋಗಿ, ಥರ್ಮಾಸ್ ಫ್ಲಾಸ್ಕಿನಲ್ಲಿ ಐಸು ತುಂಬಿಸಿಕೊಂಡು ಅದರೊಳಗೆ ಔಷಧಿಯ ಪುಟ್ಟ ಸೀಸೆ ಇಟ್ಟು ತರುತ್ತಿದ್ದ. ಬಿಸಿಲೇರುವ ಮುಂಚೆ ಕೆಲಸ ಮುಗಿಯಬೇಕು. ಮಂಕರಿ ಎತ್ತುವ ಮೊದಲೇ ನಾವು ಮನೆಮನೆಗೆ ಓಡಿ "ಕೋಳಿ ಬಿಡಬೇಡಿ" ಎಂದು ಕೂಗಿ ಬರುತ್ತಿದ್ದೆವು. ಮರಿ ಹಿಡಿಯುವ ಕೆಲಸ ನನ್ನದು. ಮರಿಯನ್ನು ಅಂಗೈಯಲ್ಲಿ ಮಲಗಿಸಿ, ತಲೆ ಅಲುಗದಂತೆ ಹೆಬ್ಬೆರಳು ತೋರುಬೆರಳಿನ ನಡುವೆ ಹಗುರವಾಗಿ ಹಿಡಿಯಬೇಕು. ಬಿಗಿ ಹಿಡಿದರೆ ಉಸಿರು ಕಟ್ಟುತ್ತದೆ, ಸಡಿಲ ಬಿಟ್ಟರೆ ಹಾರುತ್ತದೆ. ಅವನು ಮೂಗಿನ ಹೊಳ್ಳೆಗೆ ಒಂದೇ ಹನಿ ಬಿಡುತ್ತಿದ್ದ. ಮರಿ ಅದನ್ನು ಒಳಗೆ ಎಳೆದುಕೊಳ್ಳುವವರೆಗೆ ಇಬ್ಬರೂ ಉಸಿರು ಹಿಡಿದು ಕಾಯಬೇಕು. ಆಮೇಲೆ "ಬಿಡು" ಎನ್ನುತ್ತಿದ್ದ. ಆ ಮರಿಯ ಎದೆ ನನ್ನ ಅಂಗೈಯಲ್ಲಿ ಪಟಪಟ ಬಡಿದುಕೊಳ್ಳುತ್ತಿದ್ದದ್ದು ಈಗಲೂ ಕೈಗೆ ತಿಳಿಯುತ್ತದೆ.

ಒಂದು ಬೇಸಿಗೆಯಲ್ಲಿ ಪಕ್ಕದ ಊರಿಗೆ ರೋಗ ಬಂತು. ಕತ್ತು ತಿರುಚಿಕೊಂಡು ಕೋಳಿಗಳು ಬಿದ್ದವು. ನಮ್ಮ ಮನೆಯಲ್ಲಿ ಸತ್ತದ್ದು ಎರಡೇ. ಲಸಿಕೆಯ ದಿನ ಬೇಲಿ ಹಾರಿ ತಪ್ಪಿಸಿಕೊಂಡವು ಅವು.

ಲೆಗ್‌ಹಾರ್ನ್ ಕೋಳಿಯಲ್ಲಿ ಒಂದು ಊನವಿತ್ತು. ಅದು ಕಾವಿಗೆ ಕೂರುವುದಿಲ್ಲ. ನಮ್ಮ ಅಜ್ಜಿಗೆ ಇದು ಅರಗಲಿಲ್ಲ. "ಮರಿ ಮಾಡದ್ದು ಎಂಥ ಹೇಟೆಯಪ್ಪ?" ಎಂದಳು. ಕೊನೆಗೆ ಅವಳೇ ದಾರಿ ತೋರಿದಳು. ಅವನು ತಂದ ಬಿಳಿ ಮೊಟ್ಟೆಗಳನ್ನು ತನ್ನ ಕೆಂಪು ನಾಟಿ ಹೇಟೆಯ ಕೆಳಗೆ ಇಟ್ಟಳು. ಇಪ್ಪತ್ತೊಂದು ದಿನ. ಅಜ್ಜಿಗೆ ಲೆಕ್ಕ ಬರೆಯಲು ಬಾರದು. ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೆರೆ ಎಳೆಯುತ್ತಿದ್ದಳು. ಅವನಿಗೆ ಆ ಗೆರೆಗಳು ಬಹಳ ಹಿಡಿಸಿದವು. ದಿನಾ ಬೆಳಿಗ್ಗೆ ಬಂದು, ನಮ್ಮಲ್ಲೊಬ್ಬರ ಕೈಗೆ ಇದ್ದಿಲು ಕೊಟ್ಟು, ಕನ್ನಡದಲ್ಲಿ ಎಣಿಸುತ್ತಿದ್ದ. ಇಪ್ಪತ್ತೊಂದನೆಯ ಬೆಳಿಗ್ಗೆ ಮೊಟ್ಟೆಯೊಳಗಿಂದ ಟಿಕ್ ಟಿಕ್ ಎಂದು ಕೇಳಿತು. ಹತ್ತು ಮೊಟ್ಟೆಯಲ್ಲಿ ಎಂಟು ಒಡೆದವು.

ಎರಡು ವರ್ಷ ಕಳೆಯಿತು. ನಾನು ಐದನೆಯ ತರಗತಿಗೆ ಬಂದೆ. ಒಂದು ಬೆಳಿಗ್ಗೆ ಅವನು ಬಂದವನೇ ಇದ್ದಿಲು ತೆಗೆದುಕೊಂಡು ಅದೇ ಗೋಡೆಯ ಮೇಲೆ ಇಪ್ಪತ್ತೊಂದು ಗೆರೆ ಎಳೆದ. ಹೊಸದಾಗಿ ಕಾವಿಗೆ ಇಟ್ಟಿದೆಯೇನೋ ಎಂದು ನಾವು ಹೇಟೆಯನ್ನು ಹುಡುಕಿದೆವು. ಅವನು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ: "ಈ ಗೆರೆಗಳು ಮುಗಿದ ದಿನ ನಾನು ನಮ್ಮ ಊರಿಗೆ ಹೋಗ್ತೀನಿ. ದಿನಾ ಒಂದು ಅಳಿಸಿ." ನನ್ನ ತಮ್ಮ ಅಳಿಸುವುದಿಲ್ಲ ಎಂದು ಹಟ ಹಿಡಿದ. ಅಳಿಸದಿದ್ದರೂ ದಿನ ಹೋಗುತ್ತದೆ ಎಂದು ಅವನು ಮೆಲ್ಲಗೆ ಹೇಳಿದ. ಇಪ್ಪತ್ತೊಂದು ದಿನ ನಾವು ಅತ್ತೆವು, ಮುನಿದೆವು, ಮಾತು ಬಿಟ್ಟೆವು, ಮತ್ತೆ ಹೋಗಿ ಅವನ ಸೈಕಲ್ ಹಿಡಿದುಕೊಂಡು ನಿಂತೆವು. ಎಲ್ಲಕ್ಕೂ ಅವನು ನಮ್ಮೆದುರಿಗೇ ಇದ್ದ.

ಹೊರಡುವ ದಿನ ಅಜ್ಜಿಯ ಕಾಲು ಮುಟ್ಟಿ "ಹೋಗ್ತೀನಿ ಅಜ್ಜಿ" ಎಂದ. ಅಜ್ಜಿ ಅವನ ಬಾಯಿ ಮುಚ್ಚಿದಳು. "ಹಂಗನ್ಬಾರ್ದು ಕಣಪ್ಪ. ಹೋಗ್ಬತ್ತೀನಿ ಅನ್ನು." ಮನೆ ಬಿಡುವಾಗ ನಾವು ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಬರುತ್ತೇನೆ ಎಂದೇ ಹೊರಡುತ್ತೇವೆ. ಅವನಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ತಡವರಿಸಿದ. "ಬರೋದು ಗೊತ್ತಿಲ್ಲವಲ್ಲ ಅಜ್ಜಿ" ಎಂದ. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, "ನಂಗೆ ಅನ್ನು, ನಂಗೆ ತಿಳೀತದೆ. ಹುಡುಗ್ರಿಗೆ ಮಾತ್ರ ನಿಜ ಹೇಳು" ಎಂದಳು. ಅವನು ಅಜ್ಜಿಗೆ ಹೋಗಿ ಬರ್ತೀನಿ ಎಂದ. ನಮ್ಮ ಮುಂದೆ ಮಂಡಿಯೂರಿ ಕೂತು, "ನಾನು ತಿರುಗಿ ಬರೋದು ಕಷ್ಟ. ಕಾಗದ ಬರೀತೀನಿ" ಎಂದ.

ಬರೆದ. ನೀಲಿ ಬಣ್ಣದ, ಮಡಿಸಿ ಅಂಟಿಸಿದ ಮೂರು ವಿಮಾನ ಅಂಚೆಯ ಕಾಗದ ಬಂದವು. ಕೊನೆಯದು 1973ರಲ್ಲಿ. ಮೂರರಲ್ಲೂ ನಮ್ಮೆಲ್ಲರ ಹೆಸರು ಒಂದೊಂದಾಗಿ ಕನ್ನಡ ಅಕ್ಷರದಲ್ಲಿತ್ತು. ಅವನು ಮತ್ತೆ ಬರಲಿಲ್ಲ. ನಮಗೆ ಮೋಸವಾಯಿತೆಂದು ಒಂದು ದಿನವೂ ಅನ್ನಿಸಲಿಲ್ಲ.

ಇನ್ನೊಂದು ಘಟನೆ ಹೇಳಬೇಕು. ಅದನ್ನು ಹೇಳಲೆಂದೇ ಇವತ್ತು ಆಕಾಶವಾಣಿಗೆ ಬಂದಿದ್ದೇನೆ.

2011ರಲ್ಲಿ ನಾನು ಬೇರೊಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿ. ಒಂದು ಸಂಸ್ಥೆಯ ಮೂಲಕ ಯುರೋಪಿನ ಎಂಟು ಮಂದಿ ತರುಣ ತರುಣಿಯರು ಎರಡು ವಾರಕ್ಕೆ ಬಂದರು. ಗೋಡೆಗೆ ಬಣ್ಣ ಬಳಿದರು, ಆನೆ ನವಿಲುಗಳ ಚಿತ್ರ ಬರೆದರು, ಮಕ್ಕಳಿಗೆ ಇಂಗ್ಲಿಷ್ ಪದ ಹೇಳಿಕೊಟ್ಟರು. ಒಳ್ಳೆಯ ಮಕ್ಕಳು. ಬಿಸಿಲಲ್ಲಿ ಮೈ ಕೆಂಪಾಗುವವರೆಗೆ ದುಡಿದರು. ಅವರ ಮನಸ್ಸಿನಲ್ಲಿ ಕಪಟ ಇರಲಿಲ್ಲ.

ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಅವನು ಅಜ್ಜಿಯ ಜೊತೆ ಊರಲ್ಲಿ. ಯಾರ ಹತ್ತಿರವೂ ಮಾತಾಡದ ಹುಡುಗ ಆ ತಂಡದ ಒಬ್ಬ ಹುಡುಗಿಯ ಕೈ ಹಿಡಿದವನು ಬಿಡಲೇ ಇಲ್ಲ. ಪ್ರಾರ್ಥನೆಗೆ ನಿಂತಾಗಲೂ ಅವಳ ಕಿರುಬೆರಳು ಇವನ ಮುಷ್ಟಿಯಲ್ಲಿ. ನಾವು ಶಿಕ್ಷಕರೆಲ್ಲ ನೋಡಿ ಸಂತೋಷಪಟ್ಟೆವು. ಫೋಟೋ ತೆಗೆದೆವು. ದಿನಾ ಸಂಜೆ ಹೊರಡುವಾಗ ಅವಳು "ಹೋಗಿ ಬರ್ತೀನಿ" ಎನ್ನುತ್ತಿದ್ದಳು. ಆ ಮಾತು ಕಲಿಸಿದವಳು ನಾನು. ಕಲಿಸಿದಾಗ ನನಗೆ ಹೆಮ್ಮೆಯೂ ಆಗಿತ್ತು.

ಶನಿವಾರ ಕಾರ್ಯಕ್ರಮ, ಹಾರ, ಭಾಷಣ. ವ್ಯಾನು ಹೊರಟಿತು. ಅವಳು ಕಿಟಕಿಯಿಂದ ಕೈ ಬೀಸಿ ಅವತ್ತೂ "ಹೋಗಿ ಬರ್ತೀನಿ" ಎಂದಳು. ಸೋಮವಾರ ಹುಡುಗ ಚಡ್ಡಿಯ ಜೇಬಿನಲ್ಲಿ ಒಂದು ಸೀಬೆಹಣ್ಣು ಇಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದ. ಮಂಗಳವಾರವೂ ನಿಂತಿದ್ದ. ಗುರುವಾರದ ಹೊತ್ತಿಗೆ ಹಣ್ಣು ಮೆತ್ತಗಾಗಿ ಜೇಬಿಗೆ ಅಂಟಿಕೊಂಡಿತ್ತು. ನಾನು ಅದನ್ನು ತೆಗೆದು ಜೇಬು ತೊಳೆದು ಕೊಟ್ಟೆ. "ಅಕ್ಕ ಬರ್ತೀನಿ ಅಂದ್ಲಲ್ಲ ಮಿಸ್" ಎಂದ. ಆಮೇಲೆ ಎಷ್ಟೋ ತಿಂಗಳು ಅವನ ಮಾತು ಮೊದಲಿಗಿಂತ ಕಡಿಮೆಯಾಯಿತು.

ತಪ್ಪು ಆ ಹುಡುಗಿಯದಲ್ಲ. ಗಡಿಬಿಡಿಯಲ್ಲಿ ಕರೆತಂದು ಕರೆದೊಯ್ದ ಸಂಸ್ಥೆಯದು ಸ್ವಲ್ಪ. ಹೆಚ್ಚಿನದು ನನ್ನದು. ನನಗೆ ಹೊರಡುವ ದಿನ ಗೊತ್ತಿತ್ತು. ಅವನಿಗೆ ಎಣಿಸಲು ಒಂದು ಗೆರೆಯನ್ನೂ ನಾನು ಎಳೆದುಕೊಡಲಿಲ್ಲ. ನನಗೆ ಗೆರೆ ಎಳೆದುಕೊಟ್ಟವನೊಬ್ಬನಿದ್ದ ಎಂಬುದನ್ನು ನಾನೇ ಮರೆತಿದ್ದೆ.

ಎಳೆಯ ಮಗುವಿಗೆ ಹತ್ತಿರದವರು ಹೇಳದೆ ಕೇಳದೆ ಮಾಯವಾಗುವುದು ಎಂಥ ಪೆಟ್ಟು ಎಂಬುದು ಹೊಸ ಸಂಗತಿಯಲ್ಲ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ವರದಿಯಲ್ಲಿ ತಾಯಿಯ ಆಸರೆ ತಪ್ಪಿದ ಮಕ್ಕಳ ಸ್ಥಿತಿಯನ್ನು ವಿವರಿಸಿದ್ದಾರೆ. ಒಮ್ಮೆ ಆ ನೋವು ಕಂಡ ಮಗುವೇ ಹೊಸಬರ ಕೈಯನ್ನು ಬೇಗ ಹಿಡಿಯುತ್ತದೆ, ಬಿಗಿಯಾಗಿ ಹಿಡಿಯುತ್ತದೆ. ಬಂದವರು ಅದನ್ನು ಪ್ರೀತಿ ಎಂದುಕೊಳ್ಳುತ್ತಾರೆ. ಪ್ರೀತಿಯೇ ಹೌದು, ಅದರೊಳಗೆ ಹಸಿವೂ ಇದೆ. ಮಕ್ಕಳ ಆಶ್ರಮಗಳಲ್ಲಿ ಇದು ಇನ್ನೂ ಘೋರ. ಅಲ್ಲಿ ತಿಂಗಳಿಗೊಂದು ತಂಡ ಬಂದು ಅಪ್ಪಿ ಮುದ್ದಾಡಿ ಹೋದರೆ, ಒಂದೇ ಮಗು ವರ್ಷಕ್ಕೆ ಹನ್ನೆರಡು ಸಲ ಅಗಲಿಕೆ ಕಾಣುತ್ತದೆ. ನೇಪಾಳ, ಕಾಂಬೋಡಿಯಗಳಲ್ಲಿ ವಿದೇಶಿ ಅತಿಥಿಗಳ ಹಣಕ್ಕಾಗಿ ತಂದೆತಾಯಿ ಇರುವ ಮಕ್ಕಳನ್ನೂ ಅನಾಥರೆಂದು ಇಟ್ಟುಕೊಂಡ ಮನೆಗಳು ಬೆಳಕಿಗೆ ಬಂದಿವೆ. ಅಂಥ ಕಡೆಗೆ ಕೆಲವು ವಾರದ ಮಟ್ಟಿಗೆ ಮಕ್ಕಳ ಆರೈಕೆಗೆಂದು ಯಾರೂ ಹೋಗಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಹೊರಗಿನವರು ಬರಲೇಬಾರದೇ? ಹಾಗೆ ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಲಂಡನ್ನಿನಲ್ಲಿ ಹುಟ್ಟಿದ ಕ್ಯಾಥರಿನ್ ಹೈಲ್ಮನ್ ಎಂಬಾಕೆ 1932ರಲ್ಲಿ ಭಾರತಕ್ಕೆ ಬಂದರು. ಗಾಂಧೀಜಿಯವರ ಬಳಗ ಸೇರಿ ಸರಳಾ ಬೆಹೆನ್ ಆದರು. 1946ರಲ್ಲಿ ಹಿಮಾಲಯದ ಮಡಿಲಿನ ಕೌಸಾನಿಯಲ್ಲಿ ಬೆಟ್ಟದ ಹೆಣ್ಣುಮಕ್ಕಳಿಗಾಗಿ ಲಕ್ಷ್ಮಿ ಆಶ್ರಮ ತೆರೆದರು. ಹೆಣ್ಣುಮಕ್ಕಳು ಹುಲ್ಲು, ಸೌದೆ, ನೀರು ಹೊರುವುದರಲ್ಲೇ ಬಾಲ್ಯ ಕಳೆಯುತ್ತಿದ್ದ ಊರುಗಳು ಅವು. ಅವರ ಗರಡಿಯಲ್ಲಿ ಬೆಳೆದ ವಿಮಲಾ, ಸುಂದರಲಾಲ್ ಬಹುಗುಣರನ್ನು ಮದುವೆಯಾಗುವ ಮೊದಲು ಹಾಕಿದ ಷರತ್ತೇ ರಾಜಕೀಯ ಬಿಟ್ಟು ಹಳ್ಳಿಯಲ್ಲಿ ಬಾಳಬೇಕೆಂಬುದು. ಕಾಡು ಉಳಿಸಲು ನಡೆದ ಚಿಪ್ಕೋ ಚಳವಳಿಯಲ್ಲಿ ಆ ದಂಪತಿಯ ಪಾತ್ರ ನಿಮಗೆ ಗೊತ್ತೇ ಇದೆ. 1983ರಲ್ಲಿ ನಮ್ಮ ಶಿರಸಿಯ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿ ನಿಂತದ್ದಕ್ಕೆ ಚಿಪ್ಕೋ ಸ್ಫೂರ್ತಿ. ಸರಳಾ ಬೆಹೆನ್ 1982ರಲ್ಲಿ ಆ ಬೆಟ್ಟಗಳಲ್ಲೇ ಕಣ್ಣು ಮುಚ್ಚಿದರು.

ಎಲ್ಲರೂ ಜೀವಮಾನ ಉಳಿಯಲಾರರು. ಎರಡು ವರ್ಷ ಇರುವುದೂ ಈಗ ಕಷ್ಟ. ಎರಡು ವಾರಕ್ಕೆ ಬಂದವರಿಂದಲೂ ಮಕ್ಕಳಿಗೆ ಒಳ್ಳೆಯದಾಗಬಹುದು. ಅವರು ಕಲಿಸಲು ಮಾತ್ರ ಬರದೆ ಕಲಿಯಲೂ ಬರಬೇಕು. ಅಳಗುಳಿಮಣೆಯಲ್ಲಿ ಹುಣಿಸೆಬೀಜ ಹಂಚುವುದು, ಲಗೋರಿಯ ಬಿಲ್ಲೆ ಜೋಡಿಸುವುದು, ಳಕಾರ, ಣಕಾರ, ಇವುಗಳಲ್ಲಿ ನಮ್ಮ ಮಕ್ಕಳೇ ಗುರುಗಳು. ಚಾಕೊಲೇಟು ಹಂಚಿದರೆ ಮಕ್ಕಳು ಸಾಲು ನಿಲ್ಲುತ್ತಾರೆ, ಆಟ ಹೇಳಿಕೊಡಿ ಎಂದರೆ ಸುತ್ತ ಕೂರುತ್ತಾರೆ. ಆ ವ್ಯತ್ಯಾಸವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಸೀಬೆಹಣ್ಣಿನ ವರ್ಷದ ನಂತರ ನಮ್ಮ ಶಾಲೆಗೆ ಇನ್ನೂ ಎರಡು ತಂಡ ಬಂದವು. ಎರಡು ಸಲವೂ ಮೊದಲ ದಿನದ ಪ್ರಾರ್ಥನೆಯಲ್ಲೇ ಅವರು ಹೊರಡುವ ತಾರೀಖು ಹೇಳಿಸಿದೆ. ಮಕ್ಕಳು ಕಡೆಯ ವಾರ ಅತ್ತರು. ಸೋಮವಾರ ಗೇಟಿನಲ್ಲಿ ಯಾರೂ ಕಾಯಲಿಲ್ಲ.

ಹಳ್ಳಿಶಾಲೆಯ ಶಿಕ್ಷಕರಲ್ಲಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟು. ಹೊರದೇಶದವರಾಗಲಿ, ಬೆಂಗಳೂರಿನ ಕಾಲೇಜು ಹುಡುಗರಾಗಲಿ, ನಿಮ್ಮ ಮಕ್ಕಳ ಜೊತೆ ಇರಲು ಬಂದರೆ ಒಬ್ಬ ಶಿಕ್ಷಕರು ಸದಾ ಜೊತೆಗಿರಲಿ. ಮೊದಲ ದಿನವೇ ಕಪ್ಪುಹಲಗೆಯ ಮೂಲೆಯಲ್ಲಿ ದಿನಕ್ಕೊಂದರಂತೆ ಗೆರೆ ಎಳೆಸಿ, ಒಂದೊಂದನ್ನು ಒಂದೊಂದು ಮಗುವಿನ ಕೈಯಲ್ಲಿ ಅಳಿಸಿ. ಅತಿಥಿಗಳಿಗೆ "ಹೋಗಿ ಬರ್ತೀನಿ" ಎಂಬ ಮಾತನ್ನು ಕಲಿಸಿ, ಅದು ನಮ್ಮ ಚೆಂದದ ಮಾತು. ಅದರ ಅರ್ಥವನ್ನೂ ಅವತ್ತೇ ಹೇಳಿಕೊಡಿ. ಹೋದ ಮೇಲೆ ಒಂದು ತಿಂಗಳೊಳಗೆ ಪ್ರತಿ ಮಗುವಿನ ಹೆಸರಿರುವ ಒಂದು ಕಾಗದ ಶಾಲೆಯ ವಿಳಾಸಕ್ಕೆ ಬರೆಯುವಂತೆ ಕೇಳಿಕೊಂಡು ಕಳಿಸಿ.